ಟೆರಾಕೋಟ ಬಣ್ಣ: ಗೋಡೆ, ನೆಲ, ಅಚ್ಚು, ಕಂಪ್ಯೂಟರ್ ಪರದೆಗೆ ಬಳಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುಟ್ಟ ಮಣ್ಣಿನ ಈ ಬಣ್ಣ ಮೈಸೂರು, ಮಂಡ್ಯದ ಕಡೆಯವರಿಗೆ ಹೊಸದಲ್ಲ. ಹೆಂಚಿನ ಮಾಡು, ಹೊಸ್ತಿಲ ಕೆಮ್ಮಣ್ಣು, ತೊಟ್ಟಿ ಮನೆಯ ರೆಡ್ ಆಕ್ಸೈಡ್ ನೆಲ, ಎಲ್ಲದರಲ್ಲೂ ಇದೇ ಇದೆ. ಆದರೂ ಹೊಸ ಮನೆಗೆ, ಅಂಗಡಿಯ ಬೋರ್ಡಿಗೆ, ಲಗ್ನಪತ್ರಿಕೆಗೆ ಇದನ್ನು ಆರಿಸಿದವರಲ್ಲಿ ಹಲವರು ಆಮೇಲೆ ‘ನಾವು ಅಂದುಕೊಂಡ ಬಣ್ಣ ಬರಲಿಲ್ಲ’ ಎನ್ನುತ್ತಾರೆ. ಶೇಡ್ ಕಾರ್ಡಿನ ಅಂಗುಲದಗಲದ ಚೀಟಿ ನೋಡಿ ನಿರ್ಧಾರ ಮಾಡುವುದೇ ಇದಕ್ಕೆ ಮುಖ್ಯ ಕಾರಣ. ಪಕ್ಕದಲ್ಲಿ ಏನಿದೆ, ಮೇಲೆ ಯಾವ ಬೆಳಕು ಬೀಳುತ್ತಿದೆ ಎಂಬುದರ ಮೇಲೆ ಟೆರಾಕೋಟ ಕಿತ್ತಳೆಯಾಗಿಯೂ ಕಾಣುತ್ತದೆ, ಗುಲಾಬಿಯಾಗಿಯೂ ಕಾಣುತ್ತದೆ, ಮಂಕು ಕಂದಾಗಿಯೂ ಕಾಣುತ್ತದೆ. ಕೆಳಗಿನ ಉತ್ತರಗಳನ್ನು ಓದುವಾಗ ಈ ಒಂದು ಸಂಗತಿ ನೆನಪಿರಲಿ.

ಟೆರಾಕೋಟ ಎಂದರೆ ನಿಖರವಾಗಿ ಯಾವ ಬಣ್ಣ?

ಒಂದೇ ಬಣ್ಣ ಎನ್ನುವುದಕ್ಕಿಂತ ಒಂದು ಮನೆತನ ಎನ್ನುವುದು ಸರಿ. ಕೆಂಪಿಗೂ ಕಿತ್ತಳೆಗೂ ನಡುವೆ, ಸ್ವಲ್ಪ ಕಂದು ಸೇರಿದ ಬಣ್ಣಗಳೆಲ್ಲ ಇದರೊಳಗೆ ಬರುತ್ತವೆ. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಟೆರಾಕೋಟ ಎಂದು ಕೊಡುವ ಆರ್‌ಜಿಬಿ ಅಳತೆ (ಕೆಂಪು, ಹಸಿರು, ನೀಲಿ ಬೆಳಕು ಎಷ್ಟೆಷ್ಟು ಎಂದು 0ಯಿಂದ 255ರವರೆಗಿನ ಅಂಕಿ) 226, 114, 91. ಇದು ಸಾಕಷ್ಟು ತಿಳಿಯಾದ, ಹೊಳಪಿನ ಬಣ್ಣ. ಮಳೆ ಬಿಸಿಲು ತಿಂದ ಹೆಂಚು ಇದಕ್ಕಿಂತ ಗಾಢ, ಸುಮಾರು 181, 83, 60ರ ಹತ್ತಿರ ಬರುತ್ತದೆ. ಎಣ್ಣೆ ಕುಡಿದು ಮಿರುಗುವ ಹಳೆಯ ರೆಡ್ ಆಕ್ಸೈಡ್ ನೆಲವಂತೂ ಇನ್ನೂ ಗಾಢ. ಆದ್ದರಿಂದ ಪೇಂಟರ್‌ಗೋ ಅಚ್ಚಿನವರಿಗೋ ಬರಿದೇ ‘ಟೆರಾಕೋಟ’ ಎಂದರೆ ಸಾಲದು. ನಿಮ್ಮ ಮನಸ್ಸಿನಲ್ಲಿರುವುದು ಹೊಸ ಮಡಕೆಯ ಬಣ್ಣವೋ, ಹಳೆಯ ಹೆಂಚಿನದೋ, ನೆಲದ್ದೋ ಎಂದು ಹೇಳಿ. ಸಾಧ್ಯವಾದರೆ ಒಂದು ತುಂಡು ಹೆಂಚನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಅದು ಮಾತಿಗಿಂತ ಮೇಲು.

ಮಣ್ಣಿಗೆ ಈ ಬಣ್ಣ ಬರುವುದು ಹೇಗೆ?

ಕಬ್ಬಿಣದಿಂದ. ಜೇಡಿಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬೆಂಕಿಯಲ್ಲಿ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಕೆಂಪು ಆಕ್ಸೈಡ್ ಆಗುತ್ತದೆ. ಕೆರೆಯಿಂದ ತೆಗೆದ ಹಸಿ ಜೇಡಿ ಬೂದುಗಂದು ಬಣ್ಣದ್ದಿರುತ್ತದೆ. ಗೌರಿ ಹಬ್ಬಕ್ಕೆ ಬರುವ, ಸುಡದ, ಬಣ್ಣ ಬಳಿಯದ ಮಣ್ಣಿನ ಗಣೇಶನನ್ನು ನೋಡಿದವರಿಗೆ ಇದು ಗೊತ್ತು. ಅದೇ ಮಣ್ಣು ಆವಿಗೆಯಲ್ಲಿ ಬೆಂದರೆ ಕೆಂಪಾಗುತ್ತದೆ. ಬೇಯುವಾಗ ಗಾಳಿ ಆಡದಂತೆ ಮುಚ್ಚಿಬಿಟ್ಟರೆ ಅದೇ ಮಡಕೆ ಕಪ್ಪಾಗಿ ಹೊರಬರುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ ಕೆಂಪಿನ ಬದಲು ಹಳದಿಗೆ ತಿರುಗಿದ ತಿಳಿ ಬಣ್ಣ ಬರುತ್ತದೆ. ಆವಿಗೆಯಲ್ಲಿ ಬೆಂಕಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ ಒಂದೇ ಗೂಡಿನ ಎರಡು ಇಟ್ಟಿಗೆಗಳೂ ಪೂರ್ತಿ ಒಂದೇ ಬಣ್ಣವಿರುವುದಿಲ್ಲ. ಗೋಡೆಗೋ ಪುಟಕ್ಕೋ ಒಂದೇ ಸಪಾಟು ಟೆರಾಕೋಟ ತುಂಬಿದಾಗ ಅದು ಪ್ಲಾಸ್ಟಿಕ್ಕಿನ ಹಾಗೆ ಕಾಣುವುದು ಈ ಏರಿಳಿತ ಇಲ್ಲದ್ದರಿಂದಲೇ.

ಅಂಗಡಿಯಲ್ಲಿ ಚೆನ್ನಾಗಿದ್ದ ಬಣ್ಣ ಮನೆಯ ಗೋಡೆಯ ಮೇಲೆ ಬೇರೆಯೇ ಕಾಣುತ್ತದೆ. ಪೇಂಟ್ ಬೆರೆಸಿದ್ದು ತಪ್ಪಾಯಿತೇ?

ಬಹುಪಾಲು ಸಲ ಪೇಂಟ್ ಸರಿಯಾಗಿಯೇ ಇರುತ್ತದೆ, ಬೆಳಕು ಬೇರೆಯಾಗಿರುತ್ತದೆ. ನಮ್ಮ ಕಡೆ ಮನೆಗಳಲ್ಲಿ ಹೆಚ್ಚಾಗಿ ಹಾಕುವುದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಟ್ಯೂಬ್ (ಕೆಲ್ವಿನ್ ಎಂದರೆ ಬೆಳಕು ಹಳದಿಯೋ ಬಿಳಿಯೋ ಎಂದು ಹೇಳುವ ಅಳತೆ). ಇದರ ಬೆಳಕಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. ಟೆರಾಕೋಟದ ಜೀವವೇ ಕೆಂಪಾದ್ದರಿಂದ ರಾತ್ರಿ ಆ ಗೋಡೆ ಮಂಕಾಗಿ, ಸ್ವಲ್ಪ ನೇರಳೆಗೆ ತಿರುಗಿದ ಕಂದಾಗಿ ಕಾಣುತ್ತದೆ. 2700 ಅಥವಾ 3000 ಕೆಲ್ವಿನ್‌ನ ಹಳದಿ ದೀಪ ಹಾಕಿದರೆ ಅದೇ ಗೋಡೆ ಬೆಚ್ಚಗೆ ಎದ್ದು ಬರುತ್ತದೆ, ಆದರೆ ತಿಳಿ ಟೆರಾಕೋಟ ಪೂರ್ತಿ ಕಿತ್ತಳೆಗೆ ಜಾರುವ ಅಪಾಯ ಉಂಟು. ಓದು, ಅಡುಗೆ, ಹೊಲಿಗೆ ಎಲ್ಲ ನಡೆಯುವ ಕೋಣೆಗೆ 4000 ಕೆಲ್ವಿನ್ ಒಳ್ಳೆಯ ನಡುದಾರಿ.

ದೀಪ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ನೋಡಿ. ಬಣ್ಣವನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಳತೆ ಅದು. 80 ಇದ್ದರೆ ನಡೆಯುತ್ತದೆ. ಕೆಂಪು ಬಣ್ಣಗಳಿಗೆ 90 ಇದ್ದರೆ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ.

ಹಗಲಿನ ಲೆಕ್ಕ ಬೇರೆ. ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆಯಲ್ಲಿ ಸಂಜೆ ನಾಲ್ಕರ ಬಿಸಿಲಿಗೆ ಈ ಬಣ್ಣ ಉರಿಯುತ್ತದೆ, ಅಲ್ಲಿಗೆ ಕಂದು ಹೆಚ್ಚಿರುವ ಶೇಡ್ ತೆಗೆದುಕೊಳ್ಳಿ. ಉತ್ತರದ ಕಿಟಕಿಯ ಕೋಣೆಗೆ ನೇರ ಬಿಸಿಲು ಕಡಿಮೆ, ಅಲ್ಲಿ ಕಿತ್ತಳೆ ಹೆಚ್ಚಿರುವ ಶೇಡ್ ಹೊಂದುತ್ತದೆ. ಕಿಟಕಿಯಾಚೆ ತೆಂಗಿನ ತೋಟವೋ ಕಬ್ಬಿನ ಗದ್ದೆಯೋ ಇದ್ದರೆ ಒಳಗೆ ಬರುವ ಬೆಳಕೇ ಹಸಿರಾಗಿರುತ್ತದೆ. ಮಂಡ್ಯ, ಶ್ರೀರಂಗಪಟ್ಟಣದ ಸುತ್ತಿನ ತೋಟದ ಮನೆಗಳಲ್ಲಿ ಇದು ಎಲ್ಲರೂ ಮರೆಯುವ ಸಂಗತಿ. ಅಂಥ ಕೋಣೆಯಲ್ಲಿ ಕೆಂಪು ತಾನಾಗಿಯೇ ಕುಂದಿ ಕಂದಾಗುತ್ತದೆ.

ಹಾಗಿದ್ದರೆ ಬಣ್ಣ ಪರೀಕ್ಷಿಸುವುದು ಹೇಗೆ?

ಅತಿ ಸಣ್ಣ ಡಬ್ಬಿ ತಂದು, 2 ಅಡಿಗೆ 2 ಅಡಿಯ ಹಾಳೆಯ ಮೇಲೋ ಪ್ಲೈವುಡ್ ತುಂಡಿನ ಮೇಲೋ 2 ಕೋಟ್ ಹೊಡೆಯಿರಿ. ಸುತ್ತ 2 ಅಂಗುಲ ಬಿಳಿ ಬಿಡಬೇಡಿ, ಬಿಳಿಯ ಪಕ್ಕದಲ್ಲಿ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಪೂರ್ತಿ ಒಣಗಲು ಒಂದು ದಿನ ಬಿಡಿ. ಆಮೇಲೆ ಅದನ್ನು ಬಳಿಯಬೇಕಾದ ಗೋಡೆಗೇ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪ ಹಾಕಿ, ನಾಲ್ಕು ಹೊತ್ತು ನೋಡಿ. ನೆಲಕ್ಕೆ ತಾಗುವಂತೆ ಇಟ್ಟೂ ನೋಡಿ, ಏಕೆಂದರೆ ಗೋಡೆಗೆ ನೆಲದ ಬಣ್ಣ ಪ್ರತಿಫಲಿಸುತ್ತದೆ. ಸಂದೇಹವಿದ್ದರೆ ಚೀಟಿಯಲ್ಲಿ ಇಷ್ಟವಾದುದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನೇ ತೆಗೆದುಕೊಳ್ಳಿ. ಚೀಟಿಯಿಂದ ಗೋಡೆಗೆ ಹೋದಾಗ ಇದು ಯಾವಾಗಲೂ ಗಾಢವಾಗುತ್ತದೆ, ನಾಲ್ಕು ಗೋಡೆ ಒಂದರ ಮೇಲೊಂದು ಬಣ್ಣ ಚೆಲ್ಲುವುದರಿಂದ.

ಕೋಣೆಯ ಎಲ್ಲ ಗೋಡೆಗೂ ಹೊಡೆಸಬಹುದೇ?

10 ಅಡಿಗೆ 12 ಅಡಿಯ ಮಾಮೂಲಿ ಕೋಣೆಗೆ ನಮ್ಮ ಸಲಹೆ: ಬೇಡ. 226, 114, 91ರ ಟೆರಾಕೋಟ ಬಿದ್ದ ಬೆಳಕಿನಲ್ಲಿ ಸುಮಾರು 29% ಮಾತ್ರ ವಾಪಸು ಕೊಡುತ್ತದೆ, ಬಿಳಿ ಗೋಡೆ 80%ಕ್ಕೂ ಹೆಚ್ಚು ಕೊಡುತ್ತದೆ. ನಾಲ್ಕೂ ಗೋಡೆ ಬಳಿದರೆ ಹಗಲಲ್ಲೂ ದೀಪ ಬೇಕಾಗುತ್ತದೆ. ಒಂದು ಗೋಡೆ ಸಾಕು, ಅದೂ ಕಿಟಕಿಗೆ ಎದುರಿನದು. ಕಿಟಕಿ ಇರುವ ಗೋಡೆಗೇ ಹೊಡೆದರೆ ಬೆಳಕಿಗೆ ವಿರುದ್ಧವಾಗಿ ಅದು ಕಪ್ಪು ಹೊಡೆದಂತೆ ಕಾಣುತ್ತದೆ.

ಇದಕ್ಕಿಂತ ಚೆಂದದ್ದು, ಹಳೆಯ ಮನೆಗಳಲ್ಲಿದ್ದ ಕ್ರಮ: ಗೋಡೆಯ ಕೆಳಭಾಗ ಮಾತ್ರ ಕೆಂಪು, ಮೇಲೆ ಸುಣ್ಣದ ಬಿಳಿ. ಒಳಗೆ 3 ಅಡಿ ಎತ್ತರಕ್ಕೆ ಪಟ್ಟಿ ಎಳೆದರೆ ಕುರ್ಚಿ ತಾಗಿದ ಕಲೆಯೂ ಮರೆಯಾಗುತ್ತದೆ. ಹೊರಗೋಡೆಯ ಬುಡಕ್ಕೆ 2 ಅಡಿ ಟೆರಾಕೋಟ ಹೊಡೆಸಿದರೆ ಮಳೆಗೆ ಚಿಮ್ಮುವ ಕೆಮ್ಮಣ್ಣಿನ ಕಲೆ ಕಾಣುವುದೇ ಇಲ್ಲ. ಕೆಂಪು ಭೂಮಿಯ ಊರಿನಲ್ಲಿ ಬಿಳಿ ಗೋಡೆಯನ್ನು ನೆಲದವರೆಗೂ ಇಳಿಸುವುದು ಪ್ರತಿ ಮಳೆಗಾಲವೂ ಖರ್ಚಿಗೆ ದಾರಿ.

ಜೊತೆಗೆ ಯಾವ ಬಣ್ಣ ಹೊಂದುತ್ತದೆ, ಯಾವುದು ಕೆಡಿಸುತ್ತದೆ?

ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಬೂದು ಕಲ್ಲು. 1912ರಲ್ಲಿ ಕಟ್ಟಿ ಮುಗಿದ ಮೈಸೂರು ಅರಮನೆಯ ಮುಂದೆ ನಿಂತು ನೋಡಿ: ಗೋಡೆ ಬೂದು ಗ್ರಾನೈಟ್, ಮೇಲಿನ ಗುಮ್ಮಟಗಳು ಗಾಢ ಕೆಂಪು. ಬೂದು ಬಣ್ಣಕ್ಕೆ ತನ್ನದೇ ಪಕ್ಷವಿಲ್ಲ, ಆದ್ದರಿಂದ ಕೆಂಪು ತನ್ನ ನಿಜವಾದ ತೂಕದಲ್ಲಿ ನಿಲ್ಲುತ್ತದೆ. ಮಂಡ್ಯ ಜಿಲ್ಲೆಯ ಮನೆಗಳಲ್ಲಿ ಕಲ್ಲು ಕಂಬ, ಚಪ್ಪಡಿ ಇನ್ನೂ ಸಿಗುತ್ತವೆ. ಅವುಗಳಿಗೆ ಬಣ್ಣ ಬಳಿಯದೆ ಹಾಗೇ ಬಿಟ್ಟು ಹಿಂದಿನ ಗೋಡೆಗೆ ಟೆರಾಕೋಟ ಕೊಟ್ಟರೆ ಬೇರೆ ಅಲಂಕಾರ ಬೇಕಿಲ್ಲ.

ಹಳದಿ ಬೆರೆತ ಕೆನೆ ಬಿಳಿ ಹೊಂದುತ್ತದೆ. ನೀಲಿ ಹೊಡೆಯುವ ಅಚ್ಚ ಬಿಳಿ ಪಕ್ಕದಲ್ಲಿದ್ದರೆ ಟೆರಾಕೋಟ ಕೊಳೆಯಾದಂತೆ ಕಾಣುತ್ತದೆ. ಇಂಡಿಗೋದಲ್ಲಿ ಅದ್ದಿದ ಬಟ್ಟೆಯ ಗಾಢ ನೀಲಿ, ಬಾಳೆ ಎಲೆ ಬಾಡಿದಾಗಿನ ಮಂಕು ಹಸಿರು, ಹಿತ್ತಾಳೆ, ತೇಗ, ಇವೆಲ್ಲ ಸರಿ. ಬಣ್ಣದ ಚಕ್ರದಲ್ಲಿ ಟೆರಾಕೋಟಕ್ಕೆ ನೇರ ಎದುರಿಗೆ ಬರುವುದು ಹಸಿರು ಬೆರೆತ ನೀಲಿ. ಅದನ್ನು ದಿಂಬಿನ ಹೊದಿಕೆಯಷ್ಟೇ ಸ್ವಲ್ಪ ಬಳಸಿದರೂ ಗೋಡೆ ಮೊದಲಿಗಿಂತ ಕೆಂಪಾಗಿ ಕಾಣುತ್ತದೆ. ಕೆಡಿಸುವುದು ಎರಡು: ಕುಂಕುಮದಂಥ ಅಚ್ಚ ಕೆಂಪು ಮತ್ತು ಗುಲಾಬಿ. ಅಚ್ಚ ಕೆಂಪಿನ ಪಕ್ಕದಲ್ಲಿ ಟೆರಾಕೋಟ ಬರಿಯ ಕಂದಾಗಿಬಿಡುತ್ತದೆ. ಕೆಂಪು ಸೋಫಾ ಇರುವ ಮನೆಯವರು ಮೊದಲು ಸೋಫಾದ ಬಟ್ಟೆಯ ವಿಚಾರ ತೀರ್ಮಾನಿಸಿ ಆಮೇಲೆ ಗೋಡೆಗೆ ಬನ್ನಿ.

ಎಷ್ಟು ಪೇಂಟ್ ಬೇಕು? ಎರಡು ಕೋಟ್ ಹೊಡೆದರೂ ಪ್ಯಾಚ್ ಪ್ಯಾಚ್ ಕಾಣುವುದೇಕೆ?

ಗೋಡೆಯ ಉದ್ದವನ್ನು ಎತ್ತರದಿಂದ ಗುಣಿಸಿ. 12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ 120 ಚದರ ಅಡಿ. ನುಣುಪಾದ ಪುಟ್ಟಿ ಗೋಡೆಗೆ 2 ಕೋಟ್ ಸೇರಿ ಲೀಟರಿಗೆ 100 ಚದರ ಅಡಿ ಎಂದು ಮುಂಚಿತ ಲೆಕ್ಕ ಇಟ್ಟುಕೊಂಡು, ಡಬ್ಬದ ಮೇಲೆ ಕಂಪನಿ ಬರೆದಿರುವುದರೊಂದಿಗೆ ತಾಳೆ ನೋಡಿ. ಟೆರಾಕೋಟಕ್ಕೆ ಮೂರನೆಯ ಕೋಟ್ ಬೇಕಾಗಬಹುದು, ಅದಕ್ಕೂ ಸೇರಿಸಿ ಒಂದೇ ಸಲ ತನ್ನಿ.

ಪ್ಯಾಚ್ ಬರುವುದಕ್ಕೆ ಕಾರಣ ಡಬ್ಬದೊಳಗಿನ ಬೇಸ್, ಅಂದರೆ ಬಣ್ಣ ಬೆರೆಸುವ ಮೊದಲಿನ ಮೂಲ ಪೇಂಟ್. ತಿಳಿ ಬಣ್ಣಗಳನ್ನು ಬಿಳಿ ಬೇಸ್‌ನಲ್ಲಿ ಬೆರೆಸುತ್ತಾರೆ, ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ತುಂಬಿರುತ್ತದೆ, ಕೆಳಗಿನದನ್ನು ಮುಚ್ಚುತ್ತದೆ. ಗಾಢ ಬಣ್ಣಕ್ಕೆ ಬಳಸುವ ಬೇಸ್‌ನಲ್ಲಿ ಆ ಬಿಳಿ ಕಡಿಮೆ, ಆದ್ದರಿಂದ ಮುಚ್ಚುವ ಶಕ್ತಿಯೂ ಕಡಿಮೆ. ಅಚ್ಚ ಬಿಳಿ ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ರೋಲರ್ ಹೋದ ದಾರಿಯೆಲ್ಲ ಕಾಣುತ್ತದೆ. ಇದಕ್ಕೆ ಪರಿಹಾರ ಸುಲಭ. ಪ್ರೈಮರ್‌ಗೇ ಅಂಗಡಿಯಲ್ಲಿ ಟೆರಾಕೋಟದ ಬಣ್ಣ ಸ್ವಲ್ಪ ಹಾಕಿಸಿ ನಸು ಕೆಂಪು ಮಾಡಿಸಿಕೊಳ್ಳಿ. ಎರಡು ಡಬ್ಬ ತಂದಿದ್ದರೆ ಎರಡನ್ನೂ ದೊಡ್ಡ ಬಕೆಟ್ಟಿನಲ್ಲಿ ಸುರಿದು ಕಲಸಿ, ಆಮೇಲೆ ಶುರುಮಾಡಿ. ಬೇರೆ ಬೇರೆ ದಿನ ಬೆರೆಸಿದ ಡಬ್ಬಗಳಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಗೋಡೆಯ ಅರ್ಧದಲ್ಲಿ ಡಬ್ಬ ಬದಲಾದರೆ ಗೆರೆ ಎದ್ದು ಕಾಣುತ್ತದೆ. ಒಂದು ಗೋಡೆಯನ್ನು ನಿಲ್ಲಿಸದೆ ಒಂದೇ ಬೀಸಿಗೆ ಮುಗಿಸಬೇಕು. ಪೇಂಟರ್ ಊಟಕ್ಕೆ ಎದ್ದು ಹೋಗುವುದಾದರೆ ಮೂಲೆ ಮುಟ್ಟಿಸಿ ಎದ್ದು ಹೋಗಲಿ.

ಹೊಳಪಿಲ್ಲದ ಮ್ಯಾಟ್ ಫಿನಿಶ್‌ನಲ್ಲಿ ಈ ಬಣ್ಣ ಮಣ್ಣಿನಂತೆ ಕಾಣುತ್ತದೆ, ಹೊಳಪಿನ ಗ್ಲಾಸಿ ಫಿನಿಶ್‌ನಲ್ಲಿ ಹಾಗೆ ಕಾಣುವುದಿಲ್ಲ. ಆದರೆ ಮ್ಯಾಟ್ ಗೋಡೆಗೆ ತಲೆಯ ಎಣ್ಣೆ ಹತ್ತಿದರೆ ಒರೆಸಿದ ಜಾಗ ಹೊಳೆಯುತ್ತದೆ. ಮಂಚ, ಸೋಫಾ ಹಿಂದೆ ತೊಳೆಯಬಹುದಾದ ಮ್ಯಾಟ್ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಪೇಂಟ್) ಕೇಳಿ.

ಹೊರಗೋಡೆಗೆ ಹೊಡೆಸಿದ ಬಣ್ಣ ಎರಡೇ ವರ್ಷಕ್ಕೆ ಗುಲಾಬಿಯಾಯಿತು. ಏನು ಕಾರಣ?

ಅದರೊಳಗಿನ ಕೆಂಪು ಕಬ್ಬಿಣದ್ದಲ್ಲ. ಐರನ್ ಆಕ್ಸೈಡ್ ಬಿಸಿಲಿಗೂ ಸಿಮೆಂಟಿನ ಕ್ಷಾರಕ್ಕೂ ಜಗ್ಗುವುದಿಲ್ಲ. ಅಗ್ಗದ ಸಾವಯವ (ಇಂಗಾಲ ಮೂಲದ ರಾಸಾಯನಿಕ) ಕೆಂಪು, ಹಳದಿಗಳು ಬಿಸಿಲಿನಲ್ಲಿ ಕಳೆಗುಂದುತ್ತವೆ, ಹಸಿ ಗಾರೆಯ ಮೇಲೆ ಸುಟ್ಟುಹೋಗುತ್ತವೆ. ಬಣ್ಣ ಬೆರೆಸುವ ಅಂಗಡಿಯಲ್ಲಿ ‘ಆಕ್ಸೈಡ್ ಬಣ್ಣದಿಂದಲೇ ಬರುವ, ಹೊರಗೋಡೆಗೆ ನಡೆಯುವ ಶೇಡ್ ಕೊಡಿ’ ಎಂದು ಸ್ಪಷ್ಟವಾಗಿ ಕೇಳಿ. ಹೊಳಪು ಸ್ವಲ್ಪ ಕಡಿಮೆ ಇರುತ್ತದೆ, ಬಾಳಿಕೆ ಹೆಚ್ಚು. ಹೊಸ ಗಾರೆಗೆ ಕನಿಷ್ಠ 28 ದಿನ ಕ್ಯೂರಿಂಗ್ ಆಗಿ, ಒಣಗಿದ ಮೇಲೆ, ಕ್ಷಾರ ತಡೆಯುವ ಪ್ರೈಮರ್ ಹೊಡೆದು ಬಣ್ಣಕ್ಕೆ ಹೋಗಬೇಕು. ಗೃಹಪ್ರವೇಶದ ದಿನಾಂಕ ಹತ್ತಿರ ಬಂತೆಂದು ಹಸಿ ಗೋಡೆಗೆ ಹೊಡೆಸುವುದೇ ಬಹಳ ಕಡೆ ಆಗುವ ಅನಾಹುತ.

ಇನ್ನೊಂದು: ಗಾಢ ಬಣ್ಣ ಬಿಸಿಲನ್ನು ಹೀರುತ್ತದೆ. ಪಶ್ಚಿಮದ ಹೊರಗೋಡೆ ಪೂರ್ತಿ ಟೆರಾಕೋಟ ಆದರೆ ಒಳಗಿನ ಕೋಣೆ ಮಾರ್ಚ್, ಏಪ್ರಿಲ್‌ನಲ್ಲಿ ಕಾಯುತ್ತದೆ.

ಪೇಂಟ್ ಬದಲು ಕೆಮ್ಮಣ್ಣು, ಸುಣ್ಣ ಬಳಸಬಹುದೇ?

ಬಳಸಬಹುದು, ಗೋಡೆ ಉಸಿರಾಡಬೇಕಾದ ಹಳೆಯ ಮಣ್ಣಿನ ಮನೆ, ಸುಣ್ಣದ ಗಾರೆಯ ಮನೆಗಳಿಗೆ ಅದೇ ಸರಿ. ಕೆಮ್ಮಣ್ಣಿನ ಹೆಂಟೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಲಕಿ, ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಉಳಿದ ಮರಳು ಎಸೆಯಿರಿ. ಹೊಸ್ತಿಲು, ಜಗುಲಿಯ ಅಂಚಿಗೆ ಇಷ್ಟೇ ಸಾಕು. ಕೈಗೆ ಹತ್ತಬಾರದೆಂದರೆ ಗಂಜಿಯನ್ನೋ ಅಂಟನ್ನೋ ಸ್ವಲ್ಪ ಸೇರಿಸಬೇಕು.

ಸುಣ್ಣಕ್ಕೆ ಬೆರೆಸುವುದಾದರೆ ಲೆಕ್ಕ ಬಿಗಿಯಾಗಿರಲಿ: ಸುಣ್ಣದ ತೂಕದ 10%ಕ್ಕಿಂತ ಹೆಚ್ಚು ಬಣ್ಣದ ಪುಡಿ ಬೇಡ. 5 ಕೆ.ಜಿ. ಸುಣ್ಣಕ್ಕೆ ಅರ್ಧ ಕೆ.ಜಿ. ಎಂದರೆ ಅದೇ ಗರಿಷ್ಠ. ಅದಕ್ಕಿಂತ ಹೆಚ್ಚಾದರೆ ಸುಣ್ಣಕ್ಕೆ ಹಿಡಿದಿಟ್ಟುಕೊಳ್ಳುವ ಶಕ್ತಿ ಸಾಲದೆ ಗೋಡೆಗೆ ಒರಗಿದವರ ಅಂಗಿಯೆಲ್ಲ ಕೆಂಪು. ಬಿಳಿ ಸುಣ್ಣ ಸೇರುವುದರಿಂದ ಸಿಗುವುದು ತಿಳಿ ಟೆರಾಕೋಟ ಮಾತ್ರ. ಹಸಿ ಇದ್ದಾಗ ಬಹಳ ಗಾಢವಾಗಿ ಕಂಡು, ಒಣಗಿದಾಗ ಎರಡು ಮೂರು ಮೆಟ್ಟಿಲು ತಿಳಿಯಾಗುತ್ತದೆ. ಹಸಿ ಗೋಡೆ ನೋಡಿ ಗಾಬರಿಯಾಗಿ ಮೇಲೆ ಸುಣ್ಣ ಸುರಿಯಬೇಡಿ, ಮರುದಿನದವರೆಗೆ ಕಾಯಿರಿ.

ಗಾರೆಯೇ ಈ ಬಣ್ಣದ್ದಿರಬೇಕೆಂದರೆ ಸುರ್ಕಿ ಇದೆ: ಸುಟ್ಟ ಮಣ್ಣಿನ ಪುಡಿ, ಸುಣ್ಣದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆಯೇ. ಗೋಡೆಗೆ ಸುಣ್ಣ 1 ಪಾಲು, ಮರಳು ಮತ್ತು ಸುರ್ಕಿ ಸೇರಿ 2ರಿಂದ 3 ಪಾಲು. ಸುರ್ಕಿ ಹೆಚ್ಚಿದಷ್ಟೂ ನಸುಗೆಂಪು ಹೆಚ್ಚುತ್ತದೆ. ಬಣ್ಣ ಮೇಲ್ಪದರದಲ್ಲಷ್ಟೇ ಇಲ್ಲದ್ದರಿಂದ ಗೀರಿದರೂ ಬಿಳಿ ಕಾಣುವುದಿಲ್ಲ.

ರೆಡ್ ಆಕ್ಸೈಡ್ ನೆಲ ಹಾಕಿಸಬೇಕು. ಯಾವುದರಲ್ಲಿ ಎಚ್ಚರ ಬೇಕು?

ಮೇಸ್ತ್ರಿ ಆರಿಸುವುದರಲ್ಲಿ. ಟೈಲ್ಸ್ ಕೆಲಸದವರಿಗೆಲ್ಲ ಈ ಕೆಲಸ ಬರುವುದಿಲ್ಲ. ಮೇಸ್ತ್ರಿ ಹಿಂದೆ ಹಾಕಿದ ನೆಲ ಕನಿಷ್ಠ ಎರಡು ಮಳೆಗಾಲ ಕಂಡದ್ದನ್ನು ಹೋಗಿ ನೋಡಿ ಒಪ್ಪಿಕೊಳ್ಳಿ.

ತಳಕ್ಕೆ ಸಿಮೆಂಟ್ 1, ಮರಳು 3ರ ಗಾರೆ. ಅದು ಇನ್ನೂ ಹಸಿ ಇರುವಾಗಲೇ ಮೇಲೆ ಸಿಮೆಂಟ್ ಮತ್ತು ಆಕ್ಸೈಡ್ ಮಿಶ್ರಣದ ತೆಳು ಪದರ, ಆಮೇಲೆ ಉಕ್ಕಿನ ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು. 50 ಕೆ.ಜಿ. ಸಿಮೆಂಟ್ ಚೀಲಕ್ಕೆ 2.5ರಿಂದ 5 ಕೆ.ಜಿ. ಆಕ್ಸೈಡ್. ಅದಕ್ಕೂ ಹೆಚ್ಚು ಸುರಿದರೆ ಬಣ್ಣ ಅಷ್ಟೇನೂ ಏರುವುದಿಲ್ಲ, ನೆಲ ಮಾತ್ರ ಬಲ ಕಳೆದುಕೊಳ್ಳುತ್ತದೆ. ಇಡೀ ಕೋಣೆಗೆ ಬೇಕಾದ ಪುಡಿಯನ್ನು ಒಣಗಿದ್ದಾಗಲೇ ಒಟ್ಟಿಗೆ ಜರಡಿ ಹಿಡಿದು ಇಟ್ಟುಕೊಳ್ಳಬೇಕು. ನೀರಿನ ಅಳತೆಯೂ ಪ್ರತಿ ಬಾಂಡ್ಲಿಗೆ ಒಂದೇ ಇರಬೇಕು, ನೀರು ಹೆಚ್ಚಾದ ಕಡೆ ಬಣ್ಣ ತಿಳಿಯಾಗಿ ಮಚ್ಚೆ ಉಳಿಯುತ್ತದೆ. ಗ್ರೇ ಸಿಮೆಂಟಿನಲ್ಲಿ ಬರುವುದು ಗಾಢ ಇಟ್ಟಿಗೆಗೆಂಪು. ಮಡಕೆಯ ತಿಳಿ ಬಣ್ಣ ಬೇಕಾದರೆ ಮೇಲ್ಪದರಕ್ಕೆ ವೈಟ್ ಸಿಮೆಂಟ್ ಬಳಸಿ, ಕೆಂಪಿನ ಜೊತೆ ಸ್ವಲ್ಪ ಹಳದಿ ಆಕ್ಸೈಡ್ ಸೇರಿಸಿ.

ಬಿರುಕು ಬರುವುದು ಬೇಗ ಒಣಗುವುದರಿಂದ. ಬೇಸಿಗೆಯ ನಡುಮಧ್ಯಾಹ್ನ, ಫ್ಯಾನು ಹಾಕಿಕೊಂಡು ಈ ಕೆಲಸ ಮಾಡಬಾರದು. ದೊಡ್ಡ ಹಜಾರವನ್ನು 4 ಅಡಿ ಚೌಕಗಳಾಗಿ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಇಟ್ಟು ಭಾಗ ಮಾಡಿದರೆ, ಬರುವ ಬಿರುಕು ಪಟ್ಟಿಯ ಗುಂಟ ಹೋಗುತ್ತದೆ. ಮರುದಿನದಿಂದ 7ರಿಂದ 10 ದಿನ ನೆಲ ಒದ್ದೆಯಾಗಿರಬೇಕು. ಮೊದಲ ತಿಂಗಳು ಬಿಳಿಯ ಪುಡಿ ಎದ್ದರೆ ಹೆದರಬೇಡಿ, ಸಿಮೆಂಟಿನ ಸುಣ್ಣ ಅದು. ಪೂರ್ತಿ ಒಣಗಿದ ಮೇಲೆ ಒರೆಸಿ, ತೆಂಗಿನೆಣ್ಣೆಯನ್ನೋ ಮೇಣವನ್ನೋ ತೆಳುವಾಗಿ ತಿಕ್ಕಿ. ಆಸಿಡ್ ಮುಟ್ಟಿಸಬೇಡಿ.

ಟೆರಾಕೋಟ ಟೈಲ್ಸ್, ಜಾಲಿಯ ಮೇಲೆ ಬಿಳಿ ಪುಡಿ ಹೂಬಿಡುತ್ತದೆ. ಹೋಗಿಸುವುದು ಹೇಗೆ?

ಮಣ್ಣೊಳಗಿನ, ಗಾರೆಯೊಳಗಿನ ಉಪ್ಪು ನೀರಿನ ಜೊತೆ ಮೇಲೆ ಬಂದು, ನೀರು ಆರಿದ ಮೇಲೆ ಉಳಿದದ್ದು ಇದು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೆ ಹೋಗಿ ನಾಳೆ ಮತ್ತೆ ಬರುತ್ತದೆ. ಒಣ ಬ್ರಷ್‌ನಿಂದ ಉಜ್ಜಿ, ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಎರಡು ಮೂರು ವಾರ ಹೀಗೆ ಮಾಡಿ, ಪುಡಿ ನಿಂತು, ಟೈಲ್ ಪೂರ್ತಿ ಒಣಗಿದ ಮೇಲೆ ಒಳಗೆ ಇಳಿಯುವ ಬಗೆಯ ಸೀಲರ್ ಹೊಡೆಯಿರಿ. ಒದ್ದೆ ಇರುವಾಗಲೇ ಸೀಲರ್ ಹೊಡೆದರೆ ಉಪ್ಪು ಅದರ ಅಡಿಯಲ್ಲಿ ಸಿಕ್ಕಿಕೊಂಡು ಮೇಲ್ಮೈಯನ್ನೇ ಸಿಪ್ಪೆ ಎಬ್ಬಿಸುತ್ತದೆ. ಜೋಡಿಸುವ ಮೊದಲು ಟೈಲ್ಸನ್ನು ನೀರಿನಲ್ಲಿ ನೆನೆಸುವುದನ್ನು ಮರೆಯಬೇಡಿ, ಒಣ ಟೈಲ್ ಗಾರೆಯ ನೀರನ್ನೇ ಕುಡಿದು ಹಿಡಿತ ತಪ್ಪಿಸುತ್ತದೆ.

ವೆಬ್‌ಸೈಟ್, ಆ್ಯಪ್‌ನಲ್ಲಿ ಟೆರಾಕೋಟ ಮೇಲೆ ಬಿಳಿ ಅಕ್ಷರ ಓದಲು ಬರುತ್ತದೆಯೇ?

ಸಣ್ಣ ಅಕ್ಷರಕ್ಕೆ ಬರುವುದಿಲ್ಲ. ಓದಲು ಸುಲಭವಾಗಬೇಕಾದರೆ ಮಾಮೂಲಿ ಅಕ್ಷರಕ್ಕೆ ಹಿನ್ನೆಲೆಗೂ ಅಕ್ಷರಕ್ಕೂ 4.5ಕ್ಕೆ 1ರ ಕಾಂಟ್ರಾಸ್ಟ್ (ತಿಳಿ, ಗಾಢಗಳ ನಡುವಿನ ಅಂತರದ ಅಳತೆ) ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. 226, 114, 91ರ ಮೇಲೆ ಬಿಳಿ ಇಟ್ಟರೆ ಸಿಗುವುದು 3.1 ಮಾತ್ರ. ಶೀರ್ಷಿಕೆಗೆ ಹೇಗೋ ನಡೆದೀತು, ಬಟನ್ ಮೇಲಿನ ಸಣ್ಣ ಬರಹಕ್ಕೆ ನಡೆಯದು. ಅದೇ ಹಿನ್ನೆಲೆಯ ಮೇಲೆ 43, 33, 28ರ ಗಾಢ ಕಂದು ಇಟ್ಟರೆ 5.1 ಬರುತ್ತದೆ.

ಬಿಳಿಯೇ ಬೇಕೆಂದರೆ ಹಿನ್ನೆಲೆಯನ್ನು 181, 83, 60ಕ್ಕೆ ಇಳಿಸಿ, 4.9 ಸಿಗುತ್ತದೆ. ಇಲ್ಲಿ ಹಲವರು ಎಡವುತ್ತಾರೆ: ಬಿಳಿಯ ಬದಲು 245, 235, 221ರಂಥ ಕೆನೆ ಬಣ್ಣ ಇಟ್ಟ ಕೂಡಲೇ ಅದು 4.2ಕ್ಕೆ ಬೀಳುತ್ತದೆ. ಕೆನೆ ಅಕ್ಷರಕ್ಕೆ ಹಿನ್ನೆಲೆ 156, 66, 48ರಷ್ಟು ಗಾಢವಾಗಬೇಕು, ಆಗ 5.5.

ಕನ್ನಡಕ್ಕೆ ಇದು ಇನ್ನೂ ಮುಖ್ಯ. ‘ರಾಷ್ಟ್ರ’, ‘ಸ್ತ್ರೀ’ ತರಹದ ಪದಗಳಲ್ಲಿ ಒತ್ತಕ್ಷರ ಸಣ್ಣಗೆ ಕೆಳಗೆ ಇಳಿದಿರುತ್ತದೆ, ಕಾಂಟ್ರಾಸ್ಟ್ ಸ್ವಲ್ಪ ಕಡಿಮೆಯಾದರೂ ಮೊದಲು ಕಾಣೆಯಾಗುವುದು ಅದೇ. ಬಣ್ಣದ ಹಿನ್ನೆಲೆಯ ಮೇಲೆ ಕನ್ನಡ ಹಾಕುವಾಗ ತೆಳು ಫಾಂಟ್ ಬೇಡ, ಸಾಲಿನ ಅಂತರ ಅಕ್ಷರದ ಗಾತ್ರದ 1.6 ಪಟ್ಟು ಇರಲಿ. ತಪ್ಪು, ಸರಿ ತೋರಿಸಲು ಟೆರಾಕೋಟ ಮತ್ತು ಮಂಕು ಹಸಿರನ್ನು ಎದುರುಬದುರು ಬಳಸಬೇಡಿ. ಕೆಂಪು, ಹಸಿರು ಬೇರ್ಪಡಿಸಿ ಕಾಣಲಾಗದವರಿಗೆ ಎರಡೂ ಒಂದೇ. ಜೊತೆಗೆ ಒಂದು ಗುರುತೋ ಪದವೋ ಇರಲೇಬೇಕು.

ಲಗ್ನಪತ್ರಿಕೆ, ಪುಸ್ತಕದ ರಕ್ಷಾಪುಟದಲ್ಲಿ ಅಚ್ಚಾದಾಗ ಬಣ್ಣ ಬದಲಾಗುವುದೇಕೆ?

ಕಂಪ್ಯೂಟರ್ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ಶಾಯಿಯಿಂದ. 226, 114, 91ಕ್ಕೆ ಲೆಕ್ಕದ ಪ್ರಕಾರ ಸಿಎಂವೈಕೆ (ಅಚ್ಚಿನ ನಾಲ್ಕು ಶಾಯಿಗಳಾದ ಸಯಾನ್ ನೀಲಿ, ಮೆಜೆಂಟಾ ಎಂಬ ಗುಲಾಬಿ, ಹಳದಿ, ಕಪ್ಪುಗಳ ಶೇಕಡಾವಾರು ಪ್ರಮಾಣ) 0, 50, 60, 11. ಇದು ಆರಂಭ ಮಾತ್ರ. ಮೆಜೆಂಟಾ ಐದು ಅಂಕ ಏರಿದರೆ ಗುಲಾಬಿಗೆ, ಹಳದಿ ಐದು ಅಂಕ ಏರಿದರೆ ಕಿತ್ತಳೆಗೆ ಜಾರುವಷ್ಟು ಸೂಕ್ಷ್ಮ ಇದು. ಹೊಳಪಿನ ಆರ್ಟ್ ಪೇಪರ್‌ನಲ್ಲಿ ಬಣ್ಣ ಮೇಲೆ ನಿಲ್ಲುತ್ತದೆ, ಒರಟು ಕೈಕಾಗದದಲ್ಲಿ ಶಾಯಿ ಒಳಗಿಳಿದು ಮಂಕಾಗುತ್ತದೆ. ಕೈಕಾಗದಕ್ಕೆ ಕಪ್ಪಿನ ಅಂಶವನ್ನು 11ರಿಂದ 5ಕ್ಕೆ ಇಳಿಸಿ, ಅದೇ ಕಾಗದದ ಮೇಲೆ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಿ.

ವಧೂವರರ ಬಂಧುಗಳ ಹೆಸರುಗಳ ಪಟ್ಟಿಯನ್ನು ಟೆರಾಕೋಟದಲ್ಲೇ ಅಚ್ಚು ಹಾಕಿಸಬೇಡಿ. ಆ ಬಣ್ಣ ಎರಡು ಮೂರು ಶಾಯಿಗಳ ಚುಕ್ಕೆಗಳಿಂದ ಆಗುವುದರಿಂದ ಸಣ್ಣ ಅಕ್ಷರದ ಅಂಚು ಒಡೆಯುತ್ತದೆ. ಪ್ಲೇಟ್ ಕೂದಲೆಳೆ ಸರಿದರೂ ಒತ್ತಕ್ಷರ ಮುಚ್ಚಿಹೋಗುತ್ತದೆ. ಸಣ್ಣ ಬರಹ ಒಂದೇ ಶಾಯಿಯಲ್ಲಿರಲಿ. ಒಂದೇ ಬಣ್ಣದ ಪತ್ರಿಕೆಯಾದರೆ ಸ್ಕ್ರೀನ್ ಪ್ರಿಂಟಿಂಗ್‌ನವರ ಹತ್ತಿರ ಶಾಯಿಯನ್ನೇ ಟೆರಾಕೋಟಕ್ಕೆ ಕಲಸಿಸುವುದು ಲೇಸು, ಆಗ ಚುಕ್ಕೆಯ ಕಾಟವೇ ಇಲ್ಲ.

ಅಂಗಡಿಯ ಬೋರ್ಡಿಗೆ?

ಗಾಢ ಟೆರಾಕೋಟ ಹಿನ್ನೆಲೆ, ಕೆನೆ ಅಕ್ಷರ. 10 ಅಡಿ ದೂರಕ್ಕೆ 1 ಅಂಗುಲ ಎತ್ತರದ ಅಕ್ಷರ ಎಂಬ ಲೆಕ್ಕ ಹಿಡಿಯಿರಿ, ಒತ್ತಕ್ಷರ ಇರುವ ಹೆಸರಾದರೆ ಇನ್ನೊಂದಿಷ್ಟು ದೊಡ್ಡದು. ಫ್ಲೆಕ್ಸ್ ಬೇಡ: ಬಿಸಿಲಿಗೆ ಮೊದಲು ಸೋಲುವುದು ಮೆಜೆಂಟಾ ಮತ್ತು ಹಳದಿ, ಈ ಬಣ್ಣ ನಿಂತಿರುವುದೇ ಅವೆರಡರ ಮೇಲೆ. ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಕೈಬರಹದವರಿಂದ ಬರೆಸಿದರೆ ವರ್ಷಗಟ್ಟಲೆ ನಿಲ್ಲುತ್ತದೆ.

ಅಂಗಡಿಯಲ್ಲಿ ಸೀರೆಗೆ ಸರಿಹೊಂದಿದ ಬ್ಲೌಸ್ ಪೀಸ್ ಬಿಸಿಲಿಗೆ ಬಂದರೆ ಬೇರೆ ಬಣ್ಣ. ಯಾಕೆ?

ಎರಡು ಬಟ್ಟೆಗೆ ಬಳಸಿದ ಬಣ್ಣದ ರಾಸಾಯನಿಕ ಬೇರೆ ಬೇರೆ ಇದ್ದರೆ ಒಂದು ದೀಪದಡಿ ಒಂದೇ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಟೆರಾಕೋಟ, ಕಂದು, ಬೂದು ಬಣ್ಣಗಳಲ್ಲಿ ಇದು ಜಾಸ್ತಿ, ಏಕೆಂದರೆ ಇವೆಲ್ಲ ಎರಡು ಮೂರು ಬಣ್ಣ ಸೇರಿಸಿ ಮಾಡುವಂಥವು. ರೇಷ್ಮೆಗೆ ಹತ್ತಿಯ ಬ್ಲೌಸ್ ಹೊಂದಿಸುವಾಗ ಇನ್ನೂ ಹೆಚ್ಚು. ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ನೆರಳಿನ ಹಗಲು ಬೆಳಕಿನಲ್ಲಿ ಮಡಿಕೆ ಹಾಕಿ ನೋಡಿ. ಹೊಲಿಗೆ ದಾರವನ್ನೂ ಹಾಗೆಯೇ ನೋಡಿ ಆರಿಸಿ, ಒಂದು ಎಳೆಯನ್ನು ಬಟ್ಟೆಯ ಮೇಲೆ ಬಿಡಿಯಾಗಿ ಇಟ್ಟು. ಉರುಳೆಯಲ್ಲಿ ಸುತ್ತಿದಾಗ ದಾರ ಗಾಢವಾಗಿ ಕಾಣುತ್ತದೆ.

ಟೆರಾಕೋಟ ಗೋಡೆ ಸಾಕಾದರೆ ಮತ್ತೆ ತಿಳಿ ಬಣ್ಣ ಹೊಡೆಸಬಹುದೇ?

ಹೊಡೆಸಬಹುದು, ಎಮಲ್ಷನ್ ಆಗಿದ್ದರೆ ಕಷ್ಟವಿಲ್ಲ. 220 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಧೂಳು ಒರೆಸಿ, ಬಿಳಿ ಪ್ರೈಮರ್ 1 ಕೋಟ್, ಆಮೇಲೆ ಬೇಕಾದ ಬಣ್ಣ 2 ಕೋಟ್. ಪ್ರೈಮರ್ ಬಿಟ್ಟರೆ ಕೆಳಗಿನ ಕೆಂಪು ಇಣುಕಿ ಬಿಳಿ ಗೋಡೆ ನಸುಗುಲಾಬಿಯಾಗುತ್ತದೆ. ಕೆಮ್ಮಣ್ಣು ಅಥವಾ ಸುಣ್ಣ ಬಳಿದ ಗೋಡೆಯಾದರೆ ಅದರ ಮೇಲೆ ಎಮಲ್ಷನ್ ಹಿಡಿಯುವುದಿಲ್ಲ, ಹಪ್ಪಳಿಕೆಯಾಗಿ ಏಳುತ್ತದೆ. ಮೊದಲು ಅದನ್ನು ಪೂರ್ತಿ ಕೆರೆದು, ತೊಳೆದು, ಒಣಗಿಸಿ, ಪ್ರೈಮರ್‌ನಿಂದ ಶುರುಮಾಡಬೇಕು. ಇಲ್ಲವೇ ಮೇಲೆ ಮತ್ತೆ ಸುಣ್ಣವನ್ನೇ ಬಳಿಯಬೇಕು.